‘ಜೆರ್ಸಿ ಬಟ್ಟೆ, ಗಾಳಿ ಚೆನ್ನಾಗಿ ಆಡುತ್ತೆ’ ಅಂದ ಮಾತ್ರಕ್ಕೆ ದುಡ್ಡು ಕೊಡಬೇಡಿ

ಆನ್‌ಲೈನ್‌ನಲ್ಲಿ ಟೀ ಶರ್ಟ್ ತೆಗೆದುಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ‘ಜೆರ್ಸಿ ನಿಟ್’, ‘ಬ್ರೀದಬಲ್’, ‘ಕಾಟನ್ ಫೀಲ್’ ಮೂರನ್ನೂ ಒಟ್ಟಿಗೆ ಬರೆದಿದ್ದರೆ ಸ್ವಲ್ಪ ತಡೆಯಿರಿ. ನಿಜವಾದ ಕಾಟನ್ ಆಗಿದ್ದರೆ ಅದರ ಮುಂದೆ ‘ಫೀಲ್’ ಯಾಕೆ ಬೇಕು, ಅಲ್ವಾ?

ನನಗೆ ಬಂದ ಟೀ ಶರ್ಟ್‌ಗಳು ಮುಟ್ಟಿದರೆ ಬೆಣ್ಣೆ. ಬಿಸಿಲಿನಲ್ಲಿ ಹಾಕಿಕೊಂಡು ಓಡಾಡಿದಾಗ ಬಂಡವಾಳ ಬಯಲಾಯಿತು. ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಬಟ್ಟೆ ಅದನ್ನು ಹೀರುವುದೂ ಇಲ್ಲ, ಆರಲು ಬಿಡುವುದೂ ಇಲ್ಲ, ಸುಮ್ನೆ ಮೈಗೆ ಅಂಟಿಕೊಂಡು ಕೂತಿದೆ. ಸಂಜೆ ಬಿಚ್ಚಿ ನೋಡಿದರೆ ಎದೆಯ ಮೇಲೆ ದೊಡ್ಡ ರಬ್ಬರ್ ಪ್ರಿಂಟ್ ಇದ್ದ ಜಾಗದಲ್ಲಿ ಸರಿಯಾಗಿ ಅಷ್ಟೇ ಅಗಲಕ್ಕೆ, ಚೌಕವಾಗಿ, ಬೆವರುಸಾಲೆ ಎದ್ದಿತ್ತು.

ಪಕ್ಕದ ಹೊಲಿಗೆಯ ಒಳಗೆ ಸಣ್ಣ ಲೇಬಲ್ ಇತ್ತು: ಪಾಲಿಯೆಸ್ಟರ್ 92%, ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) 8%. ಮಾರುವಾಗ ಇದನ್ನು ಎಲ್ಲೂ ಹಾಕಿರಲಿಲ್ಲ. ಕೇಳಿದ್ದಕ್ಕೆ ‘ಜೆರ್ಸಿ ಅಂತ ಹೇಳಿದ್ವಿ, ಜೆರ್ಸಿನೇ ಕಳಿಸಿದ್ದೀವಿ, ತೊಳೆದ ಬಟ್ಟೆ ವಾಪಸ್ ತಗೊಳಲ್ಲ’ ಅಂತ ಉತ್ತರ ಬಂತು.

ಸಿಟ್ಟು ಬರುವುದೇ ಇಲ್ಲಿ. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಜೆರ್ಸಿ ಅನ್ನುವುದು ಹೆಣೆಯುವ ರೀತಿ ಅಷ್ಟೇ. ಹಾಸು ಹೊಕ್ಕು ಇಲ್ಲದೆ ನೂಲನ್ನು ಕುಣಿಕೆ ಕುಣಿಕೆಯಾಗಿ ಹೆಣೆದಿರುತ್ತಾರೆ, ಬನಿಯನ್ ಬಟ್ಟೆ ಇರುತ್ತದಲ್ಲ, ಹಾಗೆ. ಕುಣಿಕೆಗಳ ನಡುವಿನ ಸಂದಿಯಲ್ಲಿ ಗಾಳಿ ಹೋಗಿಬರುತ್ತದೆ. ಆದರೆ ನೂಲು ಯಾವುದು, ಎಷ್ಟು ಬಿಗಿಯಾಗಿ ಹೆಣೆದಿದ್ದಾರೆ, ಬಟ್ಟೆ ಎಷ್ಟು ದಪ್ಪ ಅನ್ನುವುದನ್ನು ಆ ಹೆಸರು ಹೇಳುವುದಿಲ್ಲ. ಎಲಾಸ್ಟೇನ್ ಸೇರಿಸಿದರೆ ಅದು ಕುಣಿಕೆಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಸಂದಿ ಕಿರಿದಾಗುತ್ತದೆ, ಬಟ್ಟೆ ತೂಕ ಬರುತ್ತದೆ. ಮೇಲಾಗಿ ಮೈಗೆ ಹತ್ತಿಕೊಂಡು ಕೂರುವುದರಿಂದ ಒಳಗೆ ಗಾಳಿ ಸುಳಿಯಲು ಜಾಗವೇ ಇರುವುದಿಲ್ಲ.

ನೂಲಿನ ವಿಷಯಕ್ಕೆ ಬಂದರೆ, 20 ಡಿಗ್ರಿ ಬಿಸಿ, 65% ತೇವ ಇರುವ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು 8% ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು 0.4% ಅಷ್ಟೇ. ಹಾಗಂತ ಪಾಲಿಯೆಸ್ಟರ್ ಎಲ್ಲಾ ಕೆಟ್ಟದ್ದು ಅನ್ನುವುದಿಲ್ಲ. ಆಟದವರ ತೆಳು ಬಟ್ಟೆಯಲ್ಲಿ ಬೆವರು ಅಗಲಕ್ಕೆ ಹರಡಿ ಬೇಗ ಆರುವಂತೆ ಮಾಡಿರುತ್ತಾರೆ. ನನಗೆ ಬಂದದ್ದು ದಪ್ಪ, ಬಿಗಿ, ಆ ಥರದ್ದೇನೂ ಇಲ್ಲದ್ದು. ಅತ್ತ ಹತ್ತಿಯೂ ಪೂರ್ತಿ ಸಾಚಾ ಅಲ್ಲ. ಚೆನ್ನಾಗಿ ನೆನೆದರೆ ಎಳೆಗಳು ಉಬ್ಬುತ್ತವೆ, ಸಂದಿಗಳಲ್ಲಿ ನೀರು ನಿಲ್ಲುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ, ಆರುವುದಕ್ಕೂ ಹೊತ್ತು ಹಿಡಿಯುತ್ತದೆ. ಜಾಸ್ತಿ ಓಡುವವರಿಗೆ ಹತ್ತಿ ಬೇಡ, ದಿನವಿಡೀ ಹಾಕಿಕೊಳ್ಳುವುದಕ್ಕೆ ತೆಳುವಾದ ಹತ್ತಿ ಜೆರ್ಸಿ ಒಳ್ಳೆಯದು.

ಜಿಎಸ್‌ಎಂ ಕೂಡ ನೋಡಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಸೆಖೆಗೆ 140ರಿಂದ 160ರ ಆಸುಪಾಸು ಸಾಕು. 240 ಅಂತ ಹೆಮ್ಮೆಯಿಂದ ಬರೆದಿರುತ್ತಾರೆ, ಅದು ಚಳಿಗೆ ಚೆನ್ನ.

ರಬ್ಬರ್ ಪ್ರಿಂಟ್ ಅಂತ ನಾವು ಕರೆಯುವುದು ಹೆಚ್ಚಿನ ಸಲ ಪ್ಲಾಸ್ಟಿಸಾಲ್, ಪಿವಿಸಿ ಇರುವ ಶಾಯಿ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕೂರಿಸಿದರೆ ಅಡಿಯಲ್ಲಿ ಎಂಥ ಬಟ್ಟೆ ಇದ್ದರೇನು ಬಂತು? ಚಿತ್ರ ಬೇಕೇಬೇಕು ಅಂದರೆ ಚಿಕ್ಕದು ಇರಲಿ.

ಇನ್ನು ಆ ಬೆಣ್ಣೆಯಂಥ ನುಣುಪು. ಎಷ್ಟೋ ಸಲ ಅದು ಸಿಲಿಕೋನ್ ಸಾಫ್ಟ್‌ನರ್, ಅಂದರೆ ಬಟ್ಟೆ ಮೆತ್ತಗಾಗಲು ಹಾಕುವ ರಾಸಾಯನಿಕದ ಕೆಲಸ. ಅದು ಜಾಸ್ತಿಯಾದರೆ ಅಪ್ಪಟ ಹತ್ತಿಯೂ ನೀರು ಹೀರುವುದಿಲ್ಲ.

ಕೊಳ್ಳುವ ಮೊದಲು ಲೇಬಲ್ಲಿನ ಫೋಟೋ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ. ಬಟ್ಟೆ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಬಾಯಿಗೆ ಒತ್ತಿಕೊಂಡು ಊದಿ, ಆಚೆ ಅಂಗೈಗೆ ಗಾಳಿ ತಾಗಬೇಕು. ಇದರಿಂದ ಗಾಳಿಯದ್ದು ಮಾತ್ರ ಗೊತ್ತಾಗುತ್ತದೆ, ಬೆವರಿನದ್ದು ಅಲ್ಲ. ಅದಕ್ಕೆ ಒಳಗಡೆ ಕೆಳ ಅಂಚಿನಲ್ಲಿ ಒಂದು ಹನಿ ನೀರು ಬಿಡಿ. ಹರಡಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ವಾಪಸ್ ಕಳಿಸಿ. ಅಲ್ಲಿಯ ತನಕ ಟ್ಯಾಗ್ ಕತ್ತರಿಸಬೇಡಿ, ಬಟ್ಟೆ ಒಗೆಯಲೂ ಬೇಡಿ.