ಮಾಟುಂಗದ ಇಎನ್‌ಟಿ ಕ್ಲಿನಿಕ್: ಆಪರೇಷನ್ ಅಚ್ಚುಕಟ್ಟು, ನಾಲಿಗೆಯ ವಿಚಾರದಲ್ಲಿ ಬಾಯಿ ಬಿಡುವುದಿಲ್ಲ

ಮುಂಬೈನ ಮಾಟುಂಗ ಈಸ್ಟಿನ ಈ ಕ್ಲಿನಿಕ್ಕಿಗೆ ಬರುವವರಲ್ಲಿ ಕನ್ನಡದವರು ಸಾಕಷ್ಟು. ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂಬ ಪರೀಕ್ಷೆ, ಅಲ್ಲೇ ಆಗುತ್ತದೆ, ಖರ್ಚಿನ ಅಂದಾಜನ್ನು ಬರೆದೇ ಕೊಡುತ್ತಾರೆ. ತೂತುಬಿದ್ದ ಕಿವಿತಮಟೆ ಮುಚ್ಚುವುದಿರಲಿ, ಕಿವಿಯೊಳಗಿನ ರಿಕಾಪು ಮೂಳೆ ಬಿಗಿದವರಿಗೆ ಅದರಲ್ಲಿ ಸಣ್ಣ ತೂತು ಕೊರೆದು ಕೃತಕ ಕೊಂಡಿ ಕೂರಿಸುವ ಸ್ಟೇಪಿಡಾಟಮಿ ಇರಲಿ, ಕೈ ಪಳಗಿದೆ. ಎಡವುವುದು ಒಪ್ಪಿಗೆಪತ್ರದಲ್ಲಿ. ರುಚಿ ವ್ಯತ್ಯಾಸವಾಗಬಹುದು ಎಂಬ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ. ಸಹಿ ಹಾಕಿ ಅಂತಾರೆ, ಅಷ್ಟೆ.

ವಿಷಯ ಅಷ್ಟು ಸಣ್ಣದಲ್ಲ. ಮುಖದ ನರದಿಂದ ಕವಲೊಡೆದ ಕೊರ್ಡಾ ಟಿಂಪನಿ ಎಂಬ ತೆಳು ನರ ತಮಟೆಯ ಹಿಂದೆಯೇ, ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳ ನಡುವೆ ಹಾದುಹೋಗುತ್ತದೆ. ಆ ಬದಿಯ ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಅದರ ಪಾಲು. ದವಡೆಯಡಿ, ನಾಲಿಗೆಯಡಿಯ ಜೊಲ್ಲುಗ್ರಂಥಿಗಳಿಗೂ ಅದರದೇ ಎಳೆ. ಸ್ಟೇಪಿಡಾಟಮಿಯಲ್ಲಿ ಮೂಳೆಯಂಚು ಕೆರೆದು ರಿಕಾಪು ಕಾಣುವಂತೆ ಮಾಡುವಾಗ ಈ ನರವನ್ನು ಎಷ್ಟೋ ಸಲ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಎಳೆತ ಬಿದ್ದರೂ ಕಷ್ಟ, ಮೈಕ್ರೋಸ್ಕೋಪಿನ ಬೆಳಕಿಗೆ ಒಣಗಿದರೂ ಕಷ್ಟ. ಸೋಜಿಗವೆಂದರೆ, ಪೂರ್ತಿ ಕತ್ತರಿಸಿದ ನರಕ್ಕಿಂತ ಎಳೆದು ಉಳಿಸಿದ ನರವೇ ಹಲವರಿಗೆ ಹೆಚ್ಚು ಕಾಟ ಕೊಡುತ್ತದೆ. ಸಾರು ಕುಡಿದರೂ ತಾಮ್ರದ ಕಾಸು ಚೀಪಿದಂತೆ, ನಾಲಿಗೆಯ ಒಂದಂಚು ಜೋಮು. ಸ್ಪರ್ಶ ಒಯ್ಯುವ ಲಿಂಗ್ವಲ್ ನರಕ್ಕೆ ಪೆಟ್ಟಾಗಿರುವುದಿಲ್ಲ, ಆದರೂ ಜೋಮು ಸುಳ್ಳಲ್ಲ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಗ್ಗುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ.

ಫಾಲೋಅಪ್‌ನಲ್ಲಿ ಈ ದೂರಿಗೆ ಸಿಗುವುದು ಬಿ-ಕಾಂಪ್ಲೆಕ್ಸ್ ಚೀಟಿ. ಪರೀಕ್ಷೆಗೆ ಐದು ನಿಮಿಷ ಸಾಕು: ನಾಲಿಗೆ ಚಾಚಿಸಿ, ಒರೆಸಿ, ಉಪ್ಪುನೀರಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಒಂದಂಚಿಗೆ ಮುಟ್ಟಿಸಿ, ನಾಲಿಗೆ ಒಳಗೆಳೆಯುವ ಮೊದಲೇ ಬೆರಳ ಸನ್ನೆಯಲ್ಲಿ ಉತ್ತರ ಪಡೆಯಬೇಕು. ಒಳಗೆಳೆದರೆ ನಾಲಿಗೆಯ ಹಿಂಭಾಗಕ್ಕೆ ಮಿದುಳಿನಿಂದ ಬರುವ ಒಂಬತ್ತನೇ ನರ ರುಚಿ ಹಿಡಿದು ಲೆಕ್ಕ ಕೆಡಿಸುತ್ತದೆ. ಮುಕ್ಕಳಿಸಿ, ಇನ್ನೊಂದಂಚು. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ನುಂಗುತ್ತಿದ್ದರೆ ಲೋಹದ ರುಚಿ ಅದರಿಂದಲೂ ಬರುತ್ತದೆ. ಆಗ ಎರಡು ಅಂಚುಗಳ ನಡುವೆ ಅಂಥ ವ್ಯತ್ಯಾಸ ಕಾಣದು.

ದಿನ ಗೊತ್ತುಮಾಡುವ ಮುನ್ನ ಒಂದು ಕೇಳಿಕೊಳ್ಳಿ: ನರ ಉಳಿಯಿತೇ, ಎಳೆತ ಬಿತ್ತೇ, ತುಂಡಾಯಿತೇ ಎಂದು ಆಪರೇಷನ್ ನೋಟಿನಲ್ಲಿ ಬರೆಯುತ್ತಾರಾ? ಎರಡನೇ ಕಿವಿಗೂ ಕೈಹಾಕುವುದಿದ್ದರೆ ಆ ಸಾಲು ಬೇಕೇ ಬೇಕು, ಎರಡೂ ಬದಿ ಕೆಟ್ಟರೆ ಬಾಯಿ ಒಣಗಿ ಊಟವೇ ಬೇಸರ. ಅಡುಗೆ ಭಟ್ಟರು, ಕೇಟರಿಂಗಿನವರು ತಮ್ಮ ಕಸುಬನ್ನು ಮೊದಲೇ ಹೇಳಿಬಿಡಬೇಕು. ಬಾಯಿ ಸೊಟ್ಟಗಾದರೆ, ಕಣ್ಣು ಮುಚ್ಚದಿದ್ದರೆ ಅದು ಮುಖದ ನರದ ಮಾತು, ತಕ್ಷಣ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ, ಅದಕ್ಕೆ ಪೂರ್ತಿ ಅಂಕ. ಒಟ್ಟು ಐದಕ್ಕೆ ಮೂರೂವರೆ.