ಬಳ್ಳಾರಿಯಿಂದ ಹಂಪಿಗೆ ಸೈಕಲ್ ಮೇಲೆ: ಮೂರು ದಾರಿ ತುಳಿದು ನೋಡಿದ್ಮೇಲೆ

ಹೋದ ವಾರ ನಮ್ಮ ಅಕ್ಕನ ಮಗ ಫೋನ್ ಮಾಡಿ "ಮಾಮ, ಹಂಪಿಗೆ ಸೈಕಲ್ ಮೇಲೆ ಹೋಗೋಣ ಅಂತ ಮೂರು ಜನ ಮಾತಾಡ್ಕೊಂಡೀವಿ, ಮ್ಯಾಪ್ ಹಾಕಿದ್ರೆ ತೋರಣಗಲ್ಲು ಮೇಲೆ ಸೀದಾ ತೋರಿಸ್ತೈತೆ, ಅದೇ ಹಿಡೀಲಾ" ಅಂದ. ಬ್ಯಾಡಪ್ಪಾ ಅಂದೆ. ಯಾಕೆ ಬ್ಯಾಡ ಅಂತ ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಇಲ್ಲಿ ಪೂರ್ತಿ ಬರೀತಿದೀನಿ. ಮೂರೂ ದಾರೀಲಿ ನಾನು ಕಡಿಮೆ ಅಂದ್ರೂ ಎರಡೆರಡು ಸಲ ಹೋಗಿದೀನಿ, ನನ್ನದು 38 ಎಂಎಂ ಅಗಲದ ಟೈರ್ ಇರೋ ಹೈಬ್ರಿಡ್ ಸೈಕಲ್, ಜೊತೆಗೆ ಬರೋ ಗೆಳೆಯಂದು ರೋಡ್ ಬೈಕ್ ಅಂತಾರಲ್ಲ, ತೆಳ್ಳನೆ ಟೈರಿನ ಸೈಕಲ್, ಹಿಂಗಾಗಿ ಒಂದೇ ರಸ್ತೆ ಇಬ್ಬರಿಗೂ ಬೇರೆ ಬೇರೆ ಥರ ಕಂಡಿದ್ದೂ ಐತೆ.

ಮೊದಲು ಹೈವೇ. ಬಳ್ಳಾರಿ, ಕುಡತಿನಿ, ತೋರಣಗಲ್ಲು, ಪಾಪಿನಾಯಕನಹಳ್ಳಿ, ಹೊಸಪೇಟೆ, ಅಲ್ಲಿಂದ ಹಂಪಿ ಪಕ್ಕದ ಕಮಲಾಪುರ. ಎಲ್ಲಾ ಸೇರಿ 75 ಕಿಲೋಮೀಟರ್ ಆಸುಪಾಸು. ಟಾರು ಚೆನ್ನಾಗೈತೆ, ದಾರಿ ತಪ್ಪೋ ಮಾತೇ ಇಲ್ಲ, ಪಂಚರ್ ಅಂಗಡಿ, ಹೋಟೆಲ್, ಆಸ್ಪತ್ರೆ ಎಲ್ಲಾ ಸಿಗ್ತಾವೆ. ಆದ್ರೆ ಕುಡತಿನಿ ಹತ್ರ ಥರ್ಮಲ್ ಪವರ್ ಸ್ಟೇಷನ್, ತೋರಣಗಲ್ಲಲ್ಲಿ ಸ್ಟೀಲ್ ಪ್ಲಾಂಟು, ಪಕ್ಕದಲ್ಲೇ ಸಂಡೂರಿನ ಅದಿರು, ಈ ಮೂರಕ್ಕೂ ಓಡಾಡೋ ಲಾರಿ ಎಲ್ಲಾ ಇದೇ ರಸ್ತೆ ಮೇಲೆ. ಬಿಳಿ ಗೆರೆಯಿಂದ ಆಚೆ ಸೈಕಲ್ ಹೊಡಿಯೋಣ ಅಂದ್ರೆ ಅಲ್ಲಿ ಕೆಂಪು ಧೂಳು, ಜಲ್ಲಿಕಲ್ಲು, ಒಡೆದ ಟೈರಿನ ತಂತಿ. ಎರಡನೇ ಸಲ ಹೋದಾಗ ಕುಡತಿನಿ ದಾಟಿ ಸ್ವಲ್ಪ ಮುಂದೆ ಒಂದು ಲಾರಿ ಎಷ್ಟು ಹತ್ರಕ್ಕೆ ಬಂತು ಅಂದ್ರೆ ಅದರ ಗಾಳಿಗೇ ನಾನು ರೋಡ್ ಬಿಟ್ಟು ಕೆಳಗೆ ಇಳಿದೆ, ಬೀಳಲಿಲ್ಲ, ಆದ್ರೆ ಹತ್ತು ನಿಮಿಷ ಕೈ ನಡುಗ್ತಾ ಇತ್ತು, ಮನೆಗೆ ಬಂದ ಮೇಲೂ ಹೆಂಡ್ತಿಗೆ ಹೇಳಲಿಲ್ಲ. ಮುಖ ಒರೆಸಿದ ಟವೆಲ್ ಕೆಂಪಗೆ. ಅವತ್ತೇ ತೀರ್ಮಾನ ಮಾಡ್ದೆ, ಈ ದಾರೀಲಿ ಇನ್ನ ಸೈಕಲ್ ಇಳಿಸಲ್ಲ ಅಂತ.

ಎರಡನೇದು ದರೋಜಿ ದಾರಿ. ಕುಡತಿನಿ ತನಕ ಹೈವೇನೇ, ಅಲ್ಲಿಂದ ದರೋಜಿ, ದರೋಜಿಯಿಂದ ಕಮಲಾಪುರ. ಮೂರರಲ್ಲಿ ಇದೇ ಹತ್ರದ್ದು, ನನ್ನ ಮೀಟರ್ ಪ್ರಕಾರ 60ರ ಆಜುಬಾಜು. ಹಾಡಿ ಕಥೆ ಹೇಳ್ತಿದ್ದ ಬುರ್ರಕಥಾ ಈರಮ್ಮನ ಊರು ದರೋಜಿ, ದೊಡ್ಡ ಕೆರೆ ಐತೆ, ಕೆರೆ ಏರಿ ಹತ್ರ ಬೆಳಿಗ್ಗೆ ಹೋಗಿ ನಿಂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ. ಸುತ್ತ ಕಲ್ಲುಗುಡ್ಡ, ಕುರುಚಲು ಕಾಡು, ಗಾಡಿ ಬಹಳ ಕಡಿಮೆ. ಆದ್ರೆ ಒಂದು ಮಾತು ಮರೀಬ್ಯಾಡ್ರಿ, 1994ರಲ್ಲಿ ಕರಡಿಧಾಮ ಮಾಡಿದ್ದು ಇಲ್ಲೇ. ಕರಡಿ ಸಾಯಂಕಾಲ ಹೊರಗೆ ಬರೋದು, ನಸುಕಲ್ಲೂ ಓಡಾಡ್ತಾವೆ, ಚಿರತೆನೂ ಅದಾವೆ. ಮೊದಲನೇ ಸಲ ನಾವು ವಾಪಸ್ ಬರ್ತಾ ಹೊತ್ತು ಇಳೀತಿದ್ದಾಗ ಕುರಿ ಹೊಡ್ಕೊಂಡು ಹೋಗ್ತಿದ್ದ ಒಬ್ಬ ಯಜಮಾನ್ರು ನಿಲ್ಲಿಸಿ "ಯಾಕ್ರಪ್ಪಾ, ಈ ಹೊತ್ನಾಗ ಇಬ್ಬರೇ ಹೊಂಟೀರಿ, ಬೇಗ ದಾಟಿ ಹೋಗ್ರಿ" ಅಂದ್ರು, ಆಮೇಲೆ ಊರು ಕಾಣೋ ತನಕ ಇಬ್ಬರೂ ಮಾತಾಡಲಿಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರ ಒಳಗೆ, ನಾಲ್ಕೈದು ಜನ ಇದ್ರೆ, ನೀರು ಎರಡೆರಡು ಬಾಟ್ಲಿ ಇದ್ರೆ ಈ ದಾರಿ ಬಹಳ ಚೆಂದ. ಮೊದಲ ಸಲ ಹೋಗೋರಿಗೆ ನಾನು ಹೇಳಲ್ಲ. ಮಧ್ಯದಲ್ಲಿ ಒಂದು ಟೀ ಅಂಗಡಿ ಸಿಕ್ಕಿದ್ರೆ ಪುಣ್ಯ, ಟ್ಯೂಬ್ ಹೋದ್ರೆ ನಿಮ್ಮ ಕೈಯಲ್ಲೇ ರಿಪೇರಿ.

ಈಗ ನಾನು ಪ್ರತಿ ಸಲ ಹಿಡಿಯೋ ದಾರಿ, ಕುರುಗೋಡು ಮೇಲೆ ಕಂಪ್ಲಿ, ಕಂಪ್ಲಿಯಿಂದ ರಾಮಸಾಗರ, ಬುಕ್ಕಸಾಗರ, ಕಮಲಾಪುರ. ಮೂರರಲ್ಲಿ ಇದೇ ಉದ್ದ, 80 ದಾಟ್ತೈತೆ, ಹಂಪಿ ಒಳಗೆ ಸುತ್ತಾಡಿದ್ರೆ ಇನ್ನೂ ಜಾಸ್ತಿ. ಅಕ್ಕನ ಮಗ "ಸುಮ್ನೆ ಅಷ್ಟು ಸುತ್ತು ಯಾಕೆ" ಅಂದ, ಆದ್ರೆ ಹೈವೇ ಮೇಲೆ 75 ಹೊಡೆದು ಬಂದಾಗ ಆದಷ್ಟು ಸುಸ್ತು ಈ 80ರಲ್ಲಿ ನನಗೆ ಯಾವತ್ತೂ ಆಗಿಲ್ಲ. ಏರು ಅಂತ ಹೇಳೋ ಏರಿಲ್ಲ. ಬಳ್ಳಾರಿ ಬಿಟ್ಟು ಕೋಳೂರು ದಾಟೋ ತನಕ ಬಯಲು, ಎರೆ ಹೊಲ, ಮೆಣಸಿನಕಾಯಿ, ಜೋಳ. ಕುರುಗೋಡಲ್ಲಿ ಮೊದಲ ನಿಲುಗಡೆ, ದೊಡ್ಡ ಬಸವೇಶ್ವರನ ಗುಡಿ ಒಳಗೆ ಒಂದೇ ಕಲ್ಲಲ್ಲಿ ಕಡೆದ ಬಸವಣ್ಣ ಕೂತಾನೆ, ತಲೆ ಎತ್ತಿ ನೋಡ್ಬೇಕು ಅಷ್ಟು ಎತ್ತರ. ಗುಡಿ ನೋಡಿ ಹೊರಗೆ ಬಂದ್ರೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ಬಿಸಿಬಿಸಿ ರೆಡಿ ಇರ್ತೈತೆ. ನಾನು ಇಲ್ಲಿ ವಗ್ಗರಣಿ ತಿಂತೀನಿ, ಮಿರ್ಚಿ ಒಂದಕ್ಕಿಂತ ಹೆಚ್ಚು ಬ್ಯಾಡ, ಮುಂದೆ ಎದೆ ಉರೀತೈತೆ.

ಕುರುಗೋಡು ದಾಟಿ ಕಂಪ್ಲಿ ಕಡೆ ಹೋದಂಗೆಲ್ಲಾ ನೆಲದ ಬಣ್ಣನೇ ಬದಲಾಗ್ತೈತೆ. ತುಂಗಭದ್ರಾ (ಟಿಬಿ) ಡ್ಯಾಂ ನೀರು ಎಲ್‌ಎಲ್‌ಸಿ ಅನ್ನೋ ಕೆಳಮಟ್ಟದ ಕಾಲುವೆಯಿಂದ ಬರೋ ಜಮೀನು, ಎರಡೂ ಕಡೆ ಭತ್ತ, ಕಂಪ್ಲಿ ಹತ್ರ ಬಂದಾಗ ಬಾಳೆ, ಕಬ್ಬು. ಬಿಸಿಲೂರು ಬಳ್ಳಾರಿಯಿಂದ ಬಂದೋನಿಗೆ ಮೈಮೇಲೆ ತಂಪು ಗಾಳಿ ಬಿದ್ದಾಗ ಆಗೋ ಖುಷಿ ಹೇಳೋಕಾಗಲ್ಲ, ನಿಜವಾಗ್ಲೂ ನಾನು ಈ ದಾರಿ ಹಿಡಿಯೋದೇ ಇದೊಂದು ತಾಸಿಗೋಸ್ಕರ. ಎರಡು ಮೂರು ಕಿಲೋಮೀಟರಿಗೆ ಒಂದು ಊರೋ, ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಕ್ಯಾಂಪೋ ಬರ್ತೈತೆ, ಕ್ಯಾಂಪುಗಳಲ್ಲಿ ತೆಲುಗು ಮಾತಾಡೋ ಜನ, ಇಡ್ಲಿ ಚೆನ್ನಾಗಿರ್ತೈತೆ, ನೀರು ಕೇಳಿದ್ರೆ ತಂಬಿಗೆ ತುಂಬ ಕೊಟ್ಟು ಎಲ್ಲಿಂದ ಬಂದ್ರಿ ಅಂತ ಕೇಳ್ತಾರೆ. ಬುಕ್ಕಸಾಗರದಿಂದ ಕಮಲಾಪುರದ ಕಡೆ ಬಾಳೆತೋಟದ ಮಧ್ಯೆ ಹೋಗ್ತಿದ್ರೆ ಪಕ್ಕದಲ್ಲಿ ಹರಿಯೋ ಸಣ್ಣ ಕಾಲುವೆ ನೋಡ್ರಿ, ಹಂಪಿ ಸುತ್ತ ವಿಜಯನಗರದ ಕಾಲದ ತುರ್ತು ಕಾಲುವೆ ಥರದ ಕಾಲುವೆಗಳು ಇವತ್ತಿಗೂ ತೋಟಕ್ಕೆ ನೀರುಣಿಸ್ತಾವೆ.

ಇದಕ್ಕೂ ತೊಂದರೆ ಐತೆ, ಮುಚ್ಚಿಡಲ್ಲ. ನವೆಂಬರ್ ಕೊನೆ, ಡಿಸೆಂಬರ್ ಅಂದ್ರೆ ಭತ್ತದ ಕೊಯ್ಲು, ಅರ್ಧ ರೋಡಿಗೆ ಭತ್ತ ಒಣ ಹಾಕಿರ್ತಾರೆ, ಅಂಚಿಗೆ ಕಲ್ಲು ಜೋಡಿಸಿರ್ತಾರೆ. ಅದರ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಜಾರ್ತೈತೆ, ನನ್ನ ಗೆಳೆಯ ರೋಡ್ ಬೈಕ್ ಮೇಲೆ ಹಂಗೇ ಬಿದ್ದು ಮೊಣಕೈ ಕಿತ್ಕೊಂಡ. ರೈತನ ವರ್ಷದ ದುಡಿಮೆ ಅದು, ಅದನ್ನ ತುಳಿದು ಹೋಗೋದೂ ತಪ್ಪು, ಇಳಿದು ತಳ್ಕೊಂಡು ಹೋಗ್ರಿ. ಇನ್ನ ಕಾಲುವೆ ದಂಡೆ ಮೇಲೆ ಶಾರ್ಟ್‌ಕಟ್ ಐತೆ ಅಂತ ಮ್ಯಾಪ್ ತೋರಿಸಿದ್ರೆ ನಂಬಬ್ಯಾಡ್ರಿ. ಒಂದು ಸಲ ನಂಬಿ ಇಳಿದು ಬಳ್ಳಾರಿ ಜಾಲಿ ಮುಳ್ಳಿಗೆ ಎರಡೂ ಟ್ಯೂಬ್ ಹೋದ್ವು, ಮಳೆ ಬಂದ ಮಾರನೇ ದಿನ ಆಗಿದ್ರೆ ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ಮಧ್ಯೆ ಸಿಮೆಂಟ್ ಥರ ಮೆತ್ಕೊಂತಿತ್ತು, ಸೈಕಲ್ ಹೆಗಲ ಮೇಲೆ. ಹೊರಡೋ ಹಿಂದಿನ ರಾತ್ರಿ ಸ್ಯಾಟಲೈಟ್ ವ್ಯೂ ಹಾಕಿ ನೋಡ್ರಿ, ಒಂದೇ ಅಗಲದ ಬೂದು ಗೆರೆ ಅಂದ್ರೆ ಟಾರು, ಕಂದು ಬಣ್ಣ ಬಂದು ಅಗಲ ಹೆಚ್ಚುಕಮ್ಮಿ ಆಗ್ತಿದ್ರೆ ಬಂಡಿ ದಾರಿ.

ಹಂಪಿ ಎದುರು ಹೊಳೆ ಆಚೆ ಇರೋ ಆನೆಗುಂದಿಗೂ ಹೋಗೋರು ಕಂಪ್ಲಿಯಲ್ಲೇ ತುಂಗಭದ್ರಾ ಹೊಳೆ ದಾಟಿ ಗಂಗಾವತಿ ಕಡೆಯಿಂದ ಬರಬಹುದು ಅಂತ ಯೋಚನೆ ಮಾಡ್ತಾರೆ. ಚಳಿಗಾಲದಲ್ಲಿ ಸರಿ. ಮಳೆಗಾಲದಲ್ಲಿ ಡ್ಯಾಮಿಂದ ಜಾಸ್ತಿ ನೀರು ಬಿಟ್ರೆ ಕಂಪ್ಲಿ ಸೇತುವೆ ಮುಳುಗ್ತೈತೆ, ಓಡಾಟ ಬಂದ್ ಮಾಡ್ತಾರೆ. ಆಗ ಬುಕ್ಕಸಾಗರ ತನಕ ಬಂದು ಕಡೆಬಾಗಿಲು ಸೇತುವೆ ಹಿಡೀಬೇಕು. ನನಗೆ ಕೇಳಿದ್ರೆ ಯಾವ ಕಾಲದಲ್ಲಾದ್ರೂ ಅದೇ ವಾಸಿ, ಗಂಗಾವತಿ ಟ್ರಾಫಿಕ್ ತಪ್ತೈತೆ.

ದಾರಿಗಿಂತ ಮುಖ್ಯ ಇನ್ನೊಂದು ಐತೆ, ಗಾಳಿ. ಚಳಿಗಾಲದಲ್ಲಿ ನಮ್ಮ ಕಡೆ ಮೂಡಲ ಗಾಳಿ, ಹೋಗುವಾಗ ಬೆನ್ನಿಗೆ ಬೀಸ್ತೈತೆ, ಸೈಕಲ್ ತಾನೇ ಓಡ್ತಿದೆ ಅನ್ಸುತ್ತೆ, ಆ ಖುಷಿಗೆ ಜೋರು ತುಳಿದು ಶಕ್ತಿ ಎಲ್ಲಾ ಖಾಲಿ ಮಾಡ್ಕೊಂಡ್ರೆ ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಹೊಡೀತೈತೆ. ಜೂನಿಂದ ಆಗಸ್ಟ್ ತನಕ ಉಲ್ಟಾ, ಪಡುವಲ ಗಾಳಿ, ಹೋಗೋದೇ ಕಷ್ಟ, ಬರೋದು ಸಲೀಸು. ಬಿಸಿಲಿನ ವಿಷಯದಲ್ಲಿ ಮಾತ್ರ ನಮಗೆ ಅನುಕೂಲ, ಬೆಳಿಗ್ಗೆ ಪಡುವಣಕ್ಕೆ ಹೋಗ್ತೀವಿ, ಸಾಯಂಕಾಲ ಮೂಡಣಕ್ಕೆ ಬರ್ತೀವಿ, ಎರಡೂ ಸಲ ಸೂರ್ಯ ಬೆನ್ನಿಗೇ. ಆದ್ರೆ ಎದುರಿಗೆ ಬರೋ ಗಾಡಿಯವನ ಕಣ್ಣಿಗೆ ಬಿಸಿಲು ಬಿದ್ದಿರ್ತೈತೆ, ನೀವು ಅವನಿಗೆ ಕಾಣಲ್ಲ, ಅದಕ್ಕೆ ಹಗಲಲ್ಲೂ ಮುಂದಿನ ಲೈಟ್ ಹಾಕ್ಕೊಂಡೇ ಹೋಗ್ರಿ. ಏಪ್ರಿಲ್, ಮೇ ತಿಂಗಳು ಯಾವ ದಾರಿನೂ ಬ್ಯಾಡ, 40 ಡಿಗ್ರಿ ದಾಟಿದ ಬಿಸಿಲಲ್ಲಿ ಟಾರು ಮೇಲೆ ಸೈಕಲ್ ಹೊಡೆಯೋದು ಆರೋಗ್ಯದ ಜೊತೆ ಆಟ.

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಬೆಳಿಗ್ಗೆ ಐದೂವರೆಗೆ ಊರು ಬಿಡಿ, ಕುರುಗೋಡಲ್ಲಿ ನಾಷ್ಟಾ, ಕಂಪ್ಲಿಯಲ್ಲಿ ಎಳನೀರು, ಹನ್ನೊಂದಕ್ಕೆ ಕಮಲಾಪುರ. ಅದೇ ದಿನ ತುಳ್ಕೊಂಡು ವಾಪಸ್ ಬರೋ ಹಠ ಬ್ಯಾಡ, ಕಮಲಾಪುರದಿಂದ ಹೊಸಪೇಟೆ ಸ್ಟೇಷನ್ 12 ಕಿಲೋಮೀಟರ್, ಸೈಕಲ್ ಲಗೇಜ್ ಬುಕ್ ಮಾಡಿ ಟ್ರೈನ್ ಹತ್ತಿದ್ರೆ ಸಾಯಂಕಾಲ ಮನೇಲಿ ಇರ್ತೀರಿ, ಬುಕಿಂಗಿಗೆ ಒಂದು ತಾಸು ಮುಂಚೆ ಹೋಗ್ರಿ. ಟ್ರೈನ್ ಬ್ಯಾಡ, ತುಳ್ಕೊಂಡೇ ಬರ್ತೀವಿ ಅಂದ್ರೆ ಮಧ್ಯಾಹ್ನ ಒಂದೂವರೆ ಒಳಗೆ ಕಮಲಾಪುರ ಬಿಟ್ಟಿರ್ಬೇಕು, ಅದೂ ಬಂದ ದಾರೀಲೇ, ಹತ್ರ ಆಗ್ತೈತೆ ಅಂತ ದರೋಜಿ ಕಡೆ ತಿರುಗಬ್ಯಾಡ್ರಿ. ಅವನು "ಆಯ್ತು ಮಾಮ, ನೀನೂ ಬಾ ಹಂಗಾದ್ರೆ" ಅಂದ. ಭಾನುವಾರಕ್ಕೆ ಟೈರ್ ಗಾಳಿ ನೋಡಿ ಇಟ್ಟಿದೀನಿ.