ನಮ್ಮ ಅಂಗಡಿ ತಂತಿ, ಚುಕ್ಕಿ ಹೊಟ್ಟೆ, ಕಾಲೇಜು ಆಸ್ಪತ್ರೆ

ಮದ್ದೂರಿನಲ್ಲಿ ನನ್ನದು ಗ್ರಿಲ್ ವೆಲ್ಡಿಂಗ್ ಅಂಗಡಿ. ಅದರ ಹಿಂದೆಯೇ ಮನೆ, ಪಕ್ಕದಲ್ಲಿ ಕೊಟ್ಟಿಗೆ. ಅಂಗಡಿಗೂ ಕೊಟ್ಟಿಗೆಗೂ ನಡುವೆ ಇರುವುದು ಒಂದು ತಗಡಿನ ಗೋಡೆ ಮಾತ್ರ.

ಹೋಟೆಲ್‌ಗೆ, ಮೊಬೈಲ್‌ಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೇಗಿರುತ್ತೆ ಅಂತ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಸೀಟು ಎಷ್ಟು, ಕಟ್‌ಆಫ್ ಎಷ್ಟು ಅನ್ನುವುದೇ. ಹಸು ಕರ್ಕೊಂಡು ಹೋಗುವವನಿಗೆ ಬೇಕಾದ ಒಂದು ಸಾಲೂ ಇರಲಿಲ್ಲ. ಅದಕ್ಕೇ ಇದು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಿಂದ ಇದೆ. ಆಮೇಲೆ ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲೂ ಆದವು. ನಾನು ಹೋಗಿದ್ದು ಯಾವುದಕ್ಕೆ ಅಂತ ಹೇಳುವುದಿಲ್ಲ. ಮುಂದೆ ಸ್ವಲ್ಪ ದೂರುವುದಿದೆ, ಸುಮ್ನೆ ಯಾರ ಹೆಸರೂ ಯಾಕೆ?

ಚುಕ್ಕಿ ನಮ್ಮ ಹಸು, ಎಚ್ಎಫ್ ಕ್ರಾಸ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ. ಕರು ಹಾಕಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ 9 ಲೀಟರ್ ಕೊಡುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ 2 ಲೀಟರ್‌ಗೆ ಇಳಿದಳು. ಮೆಲುಕು ಇಲ್ಲ. ಬೆನ್ನು ಗೂನು ಮಾಡಿ, ಮುಂಗಾಲಿನ ಮೊಣಕೈ ಅಗಲಿಸಿ ನಿಂತವಳು ಮಲಗಲೇ ಇಲ್ಲ. ಮಲಗಲು ಹೋಗುವುದು, ನರಳುವುದು, ಮತ್ತೆ ನಿಲ್ಲುವುದು. ಅಜೀರ್ಣ ಇರಬೇಕು ಅಂತ ಅವ್ವ ಓಮ, ಬೆಲ್ಲ, ಶುಂಠಿ ಅರೆದು ಹಾಕಿದಳು. ಮೂರನೇ ದಿನ ನಮ್ಮ ಊರಿನ ಪಶು ಡಾಕ್ಟರ್ ಬಂದರು. ನೋಡಿದರು, ಮುಟ್ಟಿದರು, ಆಮೇಲೆ ತಗಡಿನ ಗೋಡೆ ಕಡೆ ತಿರುಗಿ, "ಆ ಕಡೆ ಏನಿದೆ?" ಅಂದರು. ನನಗೆ ಆಗಲೇ ಹೊಟ್ಟೆ ಕಲಸಿತು. ತಂತಿಯೋ ಮೊಳೆಯೋ ನುಂಗಿರಬೇಕು, ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದರು.

ಹಸು ನಮ್ಮ ಹಾಗೆ ಅಗಿದು ನುಂಗುವುದಿಲ್ಲ. ಮೊದಲು ನುಂಗಿ, ಆಮೇಲೆ ಪುರುಸೊತ್ತಾಗಿ ಮೆಲುಕು ಹಾಕುತ್ತೆ. ಹುಲ್ಲಿನ ಜೊತೆ ಮೊಳೆ ಇದ್ದರೂ ನಾಲಿಗೆಗೆ ಗೊತ್ತಾಗಲ್ಲ. ಭಾರದ್ದು ಹೋಗಿ ಸೇರುವುದು ಎರಡನೇ ಹೊಟ್ಟೆಗೆ. ಒಳಗೆ ಜೇನುಗೂಡಿನ ಹಾಗೆ ಕಣ್ಣುಕಣ್ಣು ಇರುವ ಸಣ್ಣ ಚೀಲ ಅದು. ಅದರ ಮುಂದೆ ತೆಳ್ಳನೆಯ ಒಂದು ಪರದೆ, ಪರದೆಯ ಆಚೆಗೆ ಹೃದಯ. ಆ ಚೀಲ ಸುಮಾರು ನಿಮಿಷಕ್ಕೊಮ್ಮೆ ಹಿಂಡಿಕೊಳ್ಳುತ್ತೆ. ಹಿಂಡಿಕೊಂಡಾಗಲೆಲ್ಲ ಒಳಗಿನ ತಂತಿ ಮುಂದಕ್ಕೆ ಚುಚ್ಚುತ್ತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಕಾಲೇಜಿನಲ್ಲಿ ಒಬ್ಬ ಹುಡುಗಿ, ಕೊನೇ ವರ್ಷದವಳು. ಚೀಟಿ ಹಿಂದೆ ಪೆನ್ನಲ್ಲಿ ಚಿತ್ರ ಬರೆದು ತೋರಿಸಿದಳು. ಎಷ್ಟೋ ದಿನದಿಂದ ಒಳಗೆ ಸುಮ್ಮನಿದ್ದ ತಂತಿ ಕರು ಹಾಕುವಾಗಿನ ತಿಣುಕಿಗೆ ಜರುಗಿರಬಹುದು ಅಂದಳು. ಇಪ್ಪತ್ತು ವರ್ಷದಿಂದ ಹಸು ಸಾಕುತ್ತಿದ್ದೇನೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಈ ಹುಡುಗ ಹುಡುಗಿಯರ ಬಗ್ಗೆಯೇ ಜಾಸ್ತಿ ಬರೆಯಬೇಕು. ಓದು ಐದೂವರೆ ವರ್ಷ, ಕೊನೇ ಒಂದು ವರ್ಷ ಪೂರ್ತಿ ಆಸ್ಪತ್ರೆ ಕೆಲಸ, ಫೀಲ್ಡು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಚುಕ್ಕಿಯನ್ನು ಟಾಟಾ ಏಸ್‌ನಿಂದ ಇಳಿಸಲು ಬಂದ ಹುಡುಗನ ಕೈ ನೋಡಿದರೇ ಗೊತ್ತಾಗುತ್ತಿತ್ತು, ಹಗ್ಗ ಹಿಡಿದು ಬೆಳೆದವನು ಅಂತ. ಇನ್ನೊಬ್ಬ ಇದ್ದ, ಬಿಳೀ ಕೋಟು ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಚುಕ್ಕಿ ಬಾಲ ಬೀಸಿದಳು, ಕೋಟಿನ ಮೇಲೆ ಸಗಣಿ. ಎಲ್ಲರೂ ನಕ್ಕರು, ಅವನೂ ನಕ್ಕ.

ಟ್ರೆವಿಸ್‌ನಲ್ಲಿ, ಅಂದರೆ ಹಸು ಅಲುಗಾಡದ ಹಾಗೆ ಹಿಡಿಯುವ ಕಂಬಿ ಚೌಕಟ್ಟಿನಲ್ಲಿ, ನಿಲ್ಲಿಸಿ ಹೆಗಲ ಹಿಂದಿನ ಚರ್ಮ ಚಿವುಟಿ ನೋಡುತ್ತಾರೆ. ನೋವಿಲ್ಲದ ಹಸು ಬೆನ್ನು ತಗ್ಗಿಸುತ್ತೆ. ಒಳಗೆ ಚುಚ್ಚುತ್ತಿದ್ದರೆ ತಗ್ಗಿಸಲ್ಲ, ಬಿಗಿ ಹಿಡಿದು ಮುಲುಕುತ್ತೆ. ಮೇಷ್ಟ್ರು ಒಮ್ಮೆ ಚಿವುಟಿ ತೋರಿಸಿದರು. ಆಮೇಲೆ ಹನ್ನೊಂದು ಜನ ಒಬ್ಬೊಬ್ಬರಾಗಿ ಚಿವುಟಿದರು. ಅವ್ವನಿಗೆ ತಡೆಯಲಾಗಲಿಲ್ಲ.

"ಅದ್ಯಾಕ್ರಪ್ಪ ಎಲ್ರೂ ಚಿವುಟ್ತೀರಾ? ಒಬ್ರು ಚಿವುಟಿ ಮಿಕ್ಕೋರ್ಗೆ ಹೇಳ್ಬಾರ್ದಾ?"

"ಅಜ್ಜಿ, ನಾಳೆ ಇವ್ರೇ ನಿಮ್ಮೂರಿಗೆ ಡಾಕ್ಟ್ರಾಗಿ ಬರ್ತಾರೆ. ಅಲ್ಲಿ ಮಿಷನ್ ಇರಲ್ಲ, ಕೈಲೇ ನೋಡ್ಬೇಕು," ಅಂದರು ಮೇಷ್ಟ್ರು.

"ಅಂಗಾದ್ರೆ ಚಿವುಟ್ಲಿ ಬುಡಿ. ಮೆತ್ತಗೆ ಚಿವುಟ್ಲಿ."

ನಿಮ್ಮ ಹಸು ಅಲ್ಲಿ ರೋಗಿಯೂ ಹೌದು, ಪಾಠವೂ ಹೌದು. ಇದು ಒಪ್ಪಿಗೆಯಾಗದಿದ್ದರೆ ಹೋಗಬೇಡಿ. ಆದರೆ ಅಷ್ಟು ಕಣ್ಣು ಒಂದೇ ಹಸುವಿನ ಮೇಲೆ ಬೇರೆಲ್ಲಿ ಬೀಳುತ್ತೆ? ರಕ್ತ ನೋಡಿದರು, ಲೋಹ ಹುಡುಕುವ ಮಿಷನ್ ಎದೆ ಕೆಳಗೆ ಹಿಡಿದರು, ಅದು ಕೀಂ ಅಂತು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಊದಿಲ್ಲ, ಕತ್ತಿನ ರಕ್ತನಾಳ ಉಬ್ಬಿಲ್ಲ, ಅಂದರೆ ತಂತಿ ಇನ್ನೂ ಹೃದಯಕ್ಕೆ ತಲುಪಿಲ್ಲ ಅಂದರು. ತಲುಪಿದ್ದರೆ ಕೊಯ್ದೂ ಪ್ರಯೋಜನ ಕಡಿಮೆಯಂತೆ. ಆ ರಾತ್ರಿ ಮೇವು ಹಾಕಬೇಡಿ, ಬೆಳಿಗ್ಗೆ ಆಪರೇಷನ್ ಅಂದರು.

ಆಪರೇಷನ್ ನಾನು ನಿಂತು ನೋಡಿದೆ. ಮಲಗಿಸುವುದೇ ಇಲ್ಲ. ಎಡ ಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಿಂತಂತೆಯೇ ಕೊಯ್ಯುತ್ತಾರೆ. ದೊಡ್ಡ ಹೊಟ್ಟೆ ತೆರೆದು ಬಕೆಟ್‌ಗಟ್ಟಲೆ ಮೇವು ಹೊರಗೆ ತೆಗೆದರು. ಮೇಡಂ ಒಬ್ಬರು ಉದ್ದ ಕೈಗವಸು ಹಾಕಿ, ತೋಳು ಪೂರ್ತಿ ಒಳಗೆ ಬಿಟ್ಟು, ಕಣ್ಣು ಮುಚ್ಚಿ ತಡಕಾಡಿದರು. ಮೊದಲು ಬಂದಿದ್ದು ಮುದ್ದೆಯಾದ ಪ್ಲಾಸ್ಟಿಕ್ ಕವರ್. ಆಮೇಲೆ ಒಂದು ವಾಷರ್. ಕೊನೆಗೆ ಎರಡೂವರೆ ಇಂಚಿನ ಬೈಂಡಿಂಗ್ ವೈರ್. ಒಂದು ತುದಿ ಓರೆಯಾಗಿ ಕತ್ತರಿಸಿತ್ತು. ನನ್ನ ಕಟಿಂಗ್ ಪ್ಲೇಯರ್‌ಗೆ ಹಲ್ಲು ಮುರಿದಿದೆ, ಅದು ಯಾವಾಗಲೂ ಹಾಗೇ ಓರೆ ಕತ್ತರಿಸುತ್ತೆ. ಯಾರಿಗೂ ಹೇಳಲಿಲ್ಲ. ಅವ್ವ ಮಾತ್ರ ನನ್ನ ಮುಖ ನೋಡಿದಳು.

ಹೊಲಿಯುವ ಮುಂಚೆ ಉದ್ದನೆಯ ಒಂದು ಅಯಸ್ಕಾಂತ ಒಳಗೆ ಬಿಟ್ಟರು. ಅದು ಅಲ್ಲೇ ಇರುತ್ತೆ. ಮುಂದೆ ಕಬ್ಬಿಣ ನುಂಗಿದರೆ ಅದಕ್ಕೆ ಅಂಟಿಕೊಳ್ಳುತ್ತೆ, ಚುಚ್ಚುವುದು ಕಡಿಮೆ. ಅಂಗಡಿಯಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಕೆಲಸ ಮಾಡುವವನು ನಾನು. ಹಸುವಿಗೂ ಒಂದು ಇದೆ ಅನ್ನುವುದು ಗೊತ್ತಿರಲಿಲ್ಲ ನೋಡಿ.

ನನಗೆ ಅತಿ ಹಿಡಿಸಿದ್ದು ಇದರ ನಂತರದ್ದು. ಸಂಶೋಧನೆಗೆ ಅಂತ ಅವರ ಹತ್ತಿರ ಒಂದು ಹಸು ಇದೆ, ಪಕ್ಕೆಯಲ್ಲಿ ರಬ್ಬರ್ ಮುಚ್ಚಳ. ಮುಚ್ಚಳ ತೆಗೆದರೆ ಹೊಟ್ಟೆಯೊಳಗೇ ಕೈ ಹೋಗುತ್ತೆ. ಯಾವ ಮೇವು ಎಷ್ಟು ಹೊತ್ತಿಗೆ ಕರಗುತ್ತೆ ಅಂತ ಹಾಗೆ ನೋಡುತ್ತಾರೆ. ಅದು ನಿರಾಳವಾಗಿ ಮೆಲುಕು ಹಾಕುತ್ತಾ ನಿಂತಿತ್ತು. ಅದರ ಹೊಟ್ಟೆಯ ರಸ ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮುಂಚೆ ಚುಕ್ಕಿಗೆ ಕುಡಿಸಿದರು. ಮೇವು ಕರಗಿಸುವ ಸೂಕ್ಷ್ಮಜೀವಿಗಳು ಚುಕ್ಕಿಯಲ್ಲಿ ಕಡಿಮೆಯಾಗಿದ್ದವಂತೆ. ಅವ್ವ ಮೊದಲು "ಥೂ, ಇನ್ನೊಂದು ಹಸೀನ್ ಎಂಜಲಾ?" ಅಂದಳು. ಹುಡುಗಿ ವಿವರಿಸಿದ ಮೇಲೆ, "ಹಾಲ್ಗೆ ಹೆಪ್ಪಾಕ್ದಂಗೆ ಅನ್ನು ಮತ್ತೆ," ಅಂದಳು. ಮೇಡಂ ಇನ್ನು ಕ್ಲಾಸಲ್ಲಿ ಹೀಗೇ ಹೇಳ್ತೀನಿ ಅಂದರು.

ಈಗ ದೂರು. ಬೋರ್ಡುಗಳೆಲ್ಲ ಇಂಗ್ಲಿಷು. ಚೀಟಿ ಒಂದು ಕಡೆ, ರಕ್ತ ಇನ್ನೊಂದು ಕಡೆ, ದುಡ್ಡು ಕಟ್ಟುವುದು ಮೂರನೇ ಕಡೆ, ಹಸು ಹಿಡಿದುಕೊಂಡು ನಿಂತವನು ಎಲ್ಲಿಗೆ ಅಂತ ಓಡಬೇಕು? ಅರ್ಧ ಔಷಧಿ ಹೊರಗೆ ತನ್ನಿ ಅಂದರು, 2,340 ರೂಪಾಯಿ ಆಯಿತು. ಆಸ್ಪತ್ರೆ ಚೀಟಿಗಿಂತ ಗಾಡಿ ಬಾಡಿಗೆಯೇ ಜಾಸ್ತಿ. ಹಸು ಜೊತೆ ಬಂದವರು ಉಳಿಯಲು ಜಾಗ ಇಲ್ಲ. ಅರವತ್ತೆಂಟು ವರ್ಷದ ಅವ್ವ ಟಾಟಾ ಏಸ್‌ನ ಸೀಟಿನಲ್ಲಿ ಮಲಗಿದಳು. ಪಕ್ಕೆಯಲ್ಲಿ ಮುಚ್ಚಳ ಇದ್ದ ಆ ಹಸುವಿಗೆ ಫ್ಯಾನ್ ಇತ್ತು, ಅವಳಿಗೆ ಇರಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಅವ್ವನ ಸೊಂಟದ ಲೆಕ್ಕಕ್ಕೆ.

ಇಂಜೆಕ್ಷನ್ ಮುಗಿದು ಅವರು ಹೇಳಿದಷ್ಟು ದಿನ ಆಗುವವರೆಗೂ ಹಾಲು ಡೈರಿಗೆ ಹಾಕಲಿಲ್ಲ. ಹಾಕಿದರೆ ಆ್ಯಂಟಿಬಯೋಟಿಕ್ ಎಲ್ಲರ ಹಾಲಿಗೂ ಸೇರುತ್ತೆ. ಚೆಲ್ಲುವಾಗ ಹೊಟ್ಟೆ ಉರಿಯಿತು ಅನ್ನಿ. ಹೊಲಿಗೆ ಬಿಚ್ಚಿದ್ದು ನಮ್ಮ ಊರಿನ ಡಾಕ್ಟರೇ. ಈಗ ಚುಕ್ಕಿ ಬೆಳಿಗ್ಗೆ 8 ಲೀಟರ್. ಅಂಗಡಿ ಕಡೆಯ ತಗಡಿನ ಕೆಳಗೆ ಒಂದಡಿ ಇಟ್ಟಿಗೆ ಕಟ್ಟಿಸಿದೆ. ದಿನಾ ಸಂಜೆ ಹಳೇ ಸ್ಪೀಕರ್‌ನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಅಂಗಳದಲ್ಲಿ ಎಳೆಯುತ್ತೇನೆ. ಮೊದಲ ದಿನ ಅಂಟಿದ್ದು ನೋಡಿ ಗಾಬರಿಯಾಯಿತು.

ಹೋಗುವವರು ಎಂಟು ಗಂಟೆಯೊಳಗೆ ತಲುಪಿ. ಜೊತೆಗೆ ಒಬ್ಬರಾದರೂ ಇರಲಿ. ಗಟ್ಟಿ ಹಗ್ಗ ಎರಡು, ಬಕೆಟ್, ಒಂದು ಹೊರೆ ಹುಲ್ಲು, ಹೊದೆಯಲು ಏನಾದರೂ ತನ್ನಿ. ಕ್ಯಾಂಟೀನಿನ ಉಪ್ಪಿಟ್ಟು ಚೆನ್ನಾಗಿದೆ, ಒಂಬತ್ತೂವರೆಗೆಲ್ಲ ಖಾಲಿ. ವಡೆ ಬಗ್ಗೆ ಮದ್ದೂರಿನವನನ್ನು ಕೇಳಬೇಡಿ.